ಹೊರಗಿನ ಚಿಲಕ

ಫೆಬ್ರವರಿ 24, ಸೋಮವಾರ. ಏಕಾದಶಿ

ಹತ್ತೊಂಬತ್ತು ವರ್ಷ ಮಕ್ಕಳಿಗೆ "ದಿನಾ ನಾಲ್ಕು ಸಾಲು ಡೈರಿ ಬರೀರೋ, ಭಾಷೆ ಸುಧಾರಿಸುತ್ತೆ" ಅಂತ ಗಂಟಲು ಹರಿದುಕೊಂಡವಳು ನಾನು. ನಾನೇ ಒಂದು ದಿನ ಬರೆದವಳಲ್ಲ. ಈಗ ಸ್ಕೂಲಿನವರು ಕನ್ನಡ ಸೆಕ್ಷನ್ ಮುಚ್ಚಿ, ಒಂದು ಶಾಲು, ಒಂದು ಹಾರ, ಒಂದು ಖಾಲಿ ಡೈರಿ ಕೊಟ್ಟು ಮನೆಗೆ ಕಳಿಸಿದ್ದಾರೆ. ಶಾಲು ಅಮ್ಮನ ಮೊಣಕಾಲಿಗೆ ಹೋಯಿತು, ಡೈರಿ ನನಗೆ ಬಂತು. ಯಾರೂ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದೀನಿ.

ಇವತ್ತು ಅಮ್ಮನ ಜೊತೆ ಜಗಳ. ಕಣ್ಣಿನ ಆಪರೇಷನ್‌ಗೆ ಮುಂಚೆ ಮಾಡಿಸಿದ ರಿಪೋರ್ಟ್ ನೋಡಿ ಶುಕ್ರವಾರ ಡಾಕ್ಟರು ಬಿಡಿಸಿ ಹೇಳಿದ್ದರು. "ಜಾನಕಮ್ಮನೋರೆ, ಕಿಡ್ನಿ ಅರ್ಧದಷ್ಟೇ ಕೆಲಸ ಮಾಡ್ತಿದೆ. ಊಟ ಬಿಡ್ತೀರಾ, ಬಿಡಿ. ನೀರು ಮಾತ್ರ ಬಿಡಬೇಡಿ. ಇನ್ನು ನಾಲ್ಕೈದು ಏಕಾದಶಿ ಹೀಗೇ ಒಣಗಿಸಿಕೊಂಡ್ರೆ ನಾನು ಜವಾಬ್ದಾರನಲ್ಲ." ಅಮ್ಮ ತಲೆ ಆಡಿಸಿದ್ದೇನು, "ಆಗ್ಲಿ ಡಾಕ್ಟ್ರೇ" ಅಂದಿದ್ದೇನು! ಇವತ್ತು ಬೆಳಗಿನಿಂದ ಒಂದು ಹನಿ ನೀರು ಬಾಯಿಗೆ ಬಿಟ್ಟುಕೊಂಡಿಲ್ಲ.

"ನಿಂಗೆ ಎಪ್ಪತ್ತೇಳು ವರ್ಷ ಅಮ್ಮ. ದೇವರೇನು ಹಾಜರಿ ಪುಸ್ತಕ ಹಿಡಿದು ಕೂತಿರ್ತಾನಾ?"

"ಒಂಬತ್ತನೇ ವರ್ಷದಿಂದ ಒಂದು ಏಕಾದಶಿ ತಪ್ಪಿಸಿಲ್ಲ. ಬಸುರಿ, ಬಾಣಂತಿ ಅಂತಲೂ ಬಿಟ್ಟಿಲ್ಲ. ಸುಮ್ನಿರು" ಅಂದು ಗೋಡೆ ಕಡೆ ತಿರುಗಿ ಮಲಗಿದಳು.

ಈ ಹುಚ್ಚು ನಮ್ಮ ಮನೆಗೆ ಬಂದದ್ದು ಸುಬ್ಬತ್ತೆಯಿಂದ. ಅಮ್ಮನ ಸೋದರತ್ತೆ, ತಾತನ ತಂಗಿ. ಹದಿನಾರಕ್ಕೆ ಗಂಡ ಸತ್ತ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಇದೇ ಚಾಮರಾಜಪೇಟೆ ಮನೆಯ ಹಿಂದುಗಡೆ ಕೋಣೆಯಲ್ಲಿ ಇಟ್ಟರು. 1957ರಲ್ಲಿ ನಿರ್ಜಲ ಏಕಾದಶಿ ಮಾಡಿ, ದ್ವಾದಶಿ ಬೆಳಗ್ಗೆ ಉಪವಾಸ ಮುರಿಯೋ ಪಾರಣೆಗೆ ಮುಂಚೆಯೇ ಪ್ರಾಣ ಬಿಟ್ಟಳಂತೆ. "ಎಂಥ ಪುಣ್ಯವಂತೆ! ನೇರ ವೈಕುಂಠ!" ಅಂತ ನಮ್ಮ ಅಣ್ಣ ಆತ್ರೇಯ ಬಂದವರಿಗೆಲ್ಲ ಎದೆ ಉಬ್ಬಿಸಿ ಹೇಳ್ತಾನೆ. ಅಮ್ಮ ಮಾತ್ರ ಆ ಮಾತು ಬಂದರೆ ಎದ್ದು ಒಳಗೆ ಹೋಗಿಬಿಡ್ತಾಳೆ. ಹೊಗಳಿಕೆ ಕಂಡರೆ ಅವಳಿಗೆ ಮೊದಲಿನಿಂದಲೂ ಮುಜುಗರ, ಸತ್ತವರದ್ದಾದರೂ ಸರಿ.

ಮಾರ್ಚ್ 1, ಶನಿವಾರ

ಸೌಂದರ್ಯಾ ಬಂದಿದ್ದಳು. ಎಂಟನೇ ಕ್ಲಾಸಿನಲ್ಲಿ ನನ್ನ ಹತ್ತಿರ ಕನ್ನಡ ಕಲಿತ ಶ್ರೀರಾಂಪುರದ ಹುಡುಗಿ, ಈಗ ಮೊಬೈಲಿನಲ್ಲಿ ಕಥೆ ಕೇಳಿಸೋ ಒಂದು ಕಂಪನಿಯಲ್ಲಿದ್ದಾಳೆ. ನನಗೆ ಕೆಲಸ ಹೋಯಿತು ಅಂತ ಯಾರೋ ಹೇಳಿದರಂತೆ.

"ಮಿಸ್, ಕೊನೇ ಪೀರಿಯಡ್‌ನಲ್ಲಿ ನೀವು ದೆವ್ವದ ಕಥೆ ಹೇಳ್ತಿದ್ರಲ್ಲ? ನಾವೆಲ್ಲ ಟಾಯ್ಲೆಟ್‌ಗೆ ಜೋಡಿ ಜೋಡಿ ಹೋಗ್ತಿದ್ವಿ. ಅದನ್ನೇ ಬರೀರಿ, ನೀವೇ ಓದಿ. ವಾರಕ್ಕೆರಡು ಕಂತು. ದೆವ್ವ ಮಾತ್ರ ಮೂರನೇ ನಿಮಿಷಕ್ಕೆ ಬಂದ್ಬಿಡ್ಬೇಕು, ಇಲ್ಲಾಂದ್ರೆ ಜನ ಸ್ಕಿಪ್ ಮಾಡ್ತಾರೆ."

"ನಿಮ್ಮನೇಲಿ ದೆವ್ವ ಇಲ್ವೇನೇ?"

"ನಮ್ಮನೇಲಿ ಒಂದೇ ರೂಮು ಮಿಸ್, ಆರು ಜನ. ದೆವ್ವಕ್ಕೆ ಕಾಲು ಚಾಚೋಕೂ ಜಾಗ ಇಲ್ಲ. ಅವೆಲ್ಲ ನಿಮ್ಮಂಥೋರ ಮನೇಲೇ ಸಾಕೋದು."

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಧಾರಾವಾಹಿಗೆ 'ಕತ್ತಲೆ ಕೋಣೆ' ಅಂತ ಹೆಸರು, ನನ್ನ ಹೆಸರು ಬೇಡ ಅಂದೆ. ದನಿಯನ್ನೂ ಸ್ವಲ್ಪ ದಪ್ಪ ಮಾಡ್ತಾಳಂತೆ, ಅದೇನೋ ಸಾಫ್ಟ್‌ವೇರ್. ಅಣ್ಣನಿಗೆ ಗೊತ್ತಾದರೆ ಮನೆ ರಣರಂಗ. ದೆವ್ವ ಯಾರು ಅಂತ ಯೋಚನೆ ಮಾಡೋದೇ ಬೇಕಾಗಲಿಲ್ಲ, ಸುಬ್ಬತ್ತೆ ಎದುರಿಗೇ ಬಂದು ನಿಂತಳು. ನಾಚಿಕೆ ಆಗಬೇಕು ನನಗೆ. ಆಗ್ತಿಲ್ಲ.

ಮಾರ್ಚ್ 6, ಗುರುವಾರ

ಮುಂದಿನ ಕೋಣೆಯಲ್ಲಿ ರೆಕಾರ್ಡ್ ಮಾಡಿದರೆ ಸೊಪ್ಪಿನವಳು, ಹಳೇ ಪೇಪರಿನವನು, ಪಕ್ಕದ ಮನೆ ಕುಕ್ಕರ್ ಎಲ್ಲರೂ ಕಥೆಯಲ್ಲಿ ಪಾತ್ರ ಮಾಡ್ತಾರೆ. ಕೊನೆಗೆ ಹಿಂದಿನ ಕೋಣೆಗೇ ಹೋದೆ, ಸುಬ್ಬತ್ತೆಯ ಕೋಣೆಗೆ. ಕಿಟಕಿಯಿಲ್ಲ. ಹಳೇ ಹಾಸಿಗೆ, ಸ್ಟೀಲ್ ಡಬ್ಬ ತುಂಬಿದ್ದನ್ನು ನರಸಮ್ಮನ ಕೈಲಿ ಖಾಲಿ ಮಾಡಿಸಿ ಗೋಡೆಗೆ ರಜಾಯಿ ಕಟ್ಟಿಸಿದೆ. ನರಸಮ್ಮ ನಮ್ಮ ಮನೆ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ, ಆದರೂ ಆ ಹೊಸಿಲು ದಾಟುವಾಗ ರಾಮ ರಾಮ ಅಂದುಕೊಂಡಳು.

ಟ್ಯೂಬ್‌ಲೈಟ್ ಗುಂಯ್ ಅನ್ನುತ್ತೆ, ಆರಿಸಬೇಕು. ಫ್ಯಾನ್ ಆರಿಸಬೇಕು. ಫೋನ್ ಹತ್ತಿರ ಇದ್ದರೆ ಮೈಕಿನಲ್ಲಿ ಕರಕರ ಬರುತ್ತೆ, ಅದೂ ಹೊರಗೆ. ಸೌಂದರ್ಯಾ ಕೊಟ್ಟ ಪುಟ್ಟ ರೆಕಾರ್ಡರಿನ ಕೆಂಪು ಚುಕ್ಕೆ ಒಂದೇ ಬೆಳಕು. ಕಥೆ ಬಾಯಿಪಾಠ ಮಾಡಿ ಕತ್ತಲಲ್ಲೇ ಹೇಳ್ತೀನಿ.

ಒಂದು ತೊಂದರೆ. ಆ ಬಾಗಿಲಿಗೆ ಒಳಗಡೆ ಚಿಲಕವೇ ಇಲ್ಲ, ಇರೋದು ಹೊರಗಡೆ, ಅದೂ ಮೇಲುಗಡೆ. ಸುಮ್ಮನೆ ಎಳೆದುಕೊಂಡರೆ ತಾನಾಗಿ ಕಿರ್ ಅಂತ ತೆರೆದುಕೊಳ್ಳುತ್ತೆ. "ಅಮ್ಮ, ನಾನು ಒಳಗೆ ಹೋದ ಮೇಲೆ ಚಿಲಕ ಹಾಕ್ಬಿಡು, ಟ್ಯೂಷನ್ ಪಾಠ ರೆಕಾರ್ಡ್ ಮಾಡ್ಬೇಕು" ಅಂದೆ. ಅಮ್ಮ "ನನ್ನ ಕೈಲಿ ಆಗಲ್ಲ" ಅಂದಳು. ಕೈ ಎತ್ತಿದರೆ ಸಾಕಮ್ಮ ಅಂದರೂ "ಆಗಲ್ಲ ಅಂದ್ನಲ್ಲ!" ಅಂತ ರೇಗಿದಳು. ಆಮೇಲೆ ಕುರ್ಚಿ ಎಳಕೊಂಡು ಬಂದು ಬಾಗಿಲಿಗೆ ಬೆನ್ನು ಕೊಟ್ಟು ಮುಕ್ಕಾಲು ಗಂಟೆ ಕೂತಿದ್ದಳು, ಪಾಪ. ವಯಸ್ಸಾದವರ ಹಟಕ್ಕೆ ಏನು ಹೇಳೋದು? ನಾಳೆಯಿಂದ ನರಸಮ್ಮನಿಗೇ ಹೇಳ್ತೀನಿ.

ಮಾರ್ಚ್ 10, ಸೋಮವಾರ. ಏಕಾದಶಿ

ನೀರಿಲ್ಲ. ಸಾಯಂಕಾಲ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಿಂತುಬಿಟ್ಟಳು. ಕಾಲಿಗೆ ಬಿದ್ದೆ, ಬೈದೆ, ಅತ್ತೆ. ಯಾವುದಕ್ಕೂ ಜಗ್ಗಲಿಲ್ಲ.

ಮಾರ್ಚ್ 19, ಬುಧವಾರ

ಅಮ್ಮನ ಕಣ್ಣಿನ ಆಪರೇಷನ್ ಆಗಿ ಒಂದು ವಾರ. ಓದೋ ಹಾಗಿಲ್ಲ, ಟಿವಿ ನೋಡೋ ಹಾಗಿಲ್ಲ. ಇವತ್ತು ಮಧ್ಯಾಹ್ನ ಅವಳ ಫೋನಿನಿಂದ ಯಾರದೋ ಭಾರಿ ದನಿ. ನನ್ನದೇ ಕಥೆ! ನರಸಮ್ಮ ಹಾಕಿಕೊಟ್ಟಿದ್ದಾಳೆ, ಅವಳ ಮಗಳೂ ಕೇಳ್ತಾಳಂತೆ.

ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ಕೈ ಎದೆಯ ಮೇಲಿಟ್ಟು, ನಾಲ್ಕು ಕಂತೂ ಒಂದೇ ಸಲಕ್ಕೆ ಕೇಳಿದಳು. ದನಿ ಗುರುತು ಸಿಗಲಿಲ್ಲ, ಸದ್ಯ.

"ಹೇಗಿದೆ ಅಮ್ಮ?" ಅಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಕಥೆ ಹೇಳೋಳಿಗೆ ಬುದ್ಧಿ ಸಾಲದು. ಆ ಹೆಂಗಸು ದಬದಬ ಬಾಗಿಲು ಬಡೀತಾಳೆ ಅಂತಾಳಲ್ಲ? ಬಡಿಯೋಕೆ ಮೈಯಲ್ಲಿ ಶಕ್ತಿ ಎಲ್ಲಿಂದ ಬರ್ಬೇಕು? ಕೈಯಲ್ಲಿ ಬಳೆನೂ ಇಲ್ಲ, ಸದ್ದೇ ಬರಲ್ಲ. ಉಗುರಲ್ಲಿ ಕೆರೀತಾಳೆ ಅಷ್ಟೇ. ಇಲಿ ಇರ್ಬೇಕು ಅನ್ಸುತ್ತೆ."

ಆಹಾ! ಇಂಥ ಮಾತು ನನಗೆ ಯಾಕೆ ಹೊಳೆಯಲಿಲ್ಲ? ಅಡುಗೆಮನೆಗೆ ಹೋಗಿ ಕ್ಯಾಲೆಂಡರ್ ಹಿಂದೆ ಬರೆದಿಟ್ಟುಕೊಂಡೆ.

ಮಾರ್ಚ್ 26, ಬುಧವಾರ. ಏಕಾದಶಿ

ನೀರಿಲ್ಲ. ಉಗುರಿನ ಕಂತು ಹಾಕಿದ ಎರಡೇ ದಿನಕ್ಕೆ ಕೇಳುವವರು ಮೂರು ಪಟ್ಟು. ಸೌಂದರ್ಯಾ ಕುಣಿದಾಡ್ತಿದಾಳೆ. ನನಗೆ ಕುಣಿಯೋ ಮನಸ್ಸಿಲ್ಲ, ಅಮ್ಮನ ತುಟಿ ಒಡೆದು ರಕ್ತ ಬಂದಿದೆ.

ಏಪ್ರಿಲ್ 2, ಬುಧವಾರ

ಕೆಲಸ ಒಂದು ಹದಕ್ಕೆ ಬಂದಿದೆ. ಮಧ್ಯಾಹ್ನ ಎರಡಕ್ಕೆ ಒಳಗೆ, ಮೂರಕ್ಕೆ ನರಸಮ್ಮ ಚಿಲಕ ತೆಗೀತಾಳೆ. ಊಟ ಮಾಡಿ ಹೋದರೆ ಹೊಟ್ಟೆ ಗುಡುಗುಡು ಅನ್ನೋದೂ ಮೈಕಿಗೆ ಬೀಳುತ್ತೆ, ಅದಕ್ಕೆ ಮಧ್ಯಾಹ್ನದ ಊಟ ಬಿಟ್ಟಿದೀನಿ. ಒಪ್ಪೊತ್ತಿನ ಊಟಕ್ಕೆ ದೇಹ ಎಷ್ಟು ಬೇಗ ಒಗ್ಗಿಕೊಳ್ಳುತ್ತೆ! ಬಳೆ ಕಿಣಿಕಿಣಿ ಅನ್ನುತ್ತೆ ಅಂತ ಬಿಚ್ಚಿಟ್ಟೆ. ಪಾಲಿಸ್ಟರ್ ಸೀರೆ ಸರಸರ ಅನ್ನುತ್ತೆ, ಅದಕ್ಕೆ ಟ್ರಂಕಿನಿಂದ ಇಟ್ಟಿಗೆ ಬಣ್ಣದ ಹಳೇ ಹತ್ತಿ ಸೀರೆ ತೆಗೆದಿದೀನಿ, ಹೂವಿನಷ್ಟು ಮೆತ್ತಗಿದೆ. ಹೆಡ್‌ಫೋನಿಗೆ ಕೂದಲು ಸಿಕ್ಕಿಕೊಂಡು ಪ್ರಾಣ ತಿಂತಿತ್ತು, ಸೆಕೆ ಬೇರೆ. ಇವತ್ತು ಪಾರ್ಲರಿಗೆ ಹೋಗಿ ಕಿವಿಗಿಂತ ಮೇಲಕ್ಕೆ ಕತ್ತರಿಸಿಕೊಂಡೆ.

ಅಮ್ಮನ ಕಪ್ಪು ಕನ್ನಡಕ ನಿನ್ನೆ ತೆಗೆಸಿದ್ದರು. ಹೊಸ ಕಣ್ಣಲ್ಲಿ ಅವಳು ಚೆನ್ನಾಗಿ ನೋಡಿದ್ದು ನನ್ನ ಮುಖವನ್ನೇ. ಕೋಣೆಯಿಂದ ಹೊರಗೆ ಬಂದವಳನ್ನು ನೋಡಿ ಕೂಗಿಕೊಂಡಳು, ಕೈಯಲ್ಲಿದ್ದ ಹೂಬತ್ತಿ ಡಬ್ಬ ಬಿತ್ತು. "ತೆಗಿ ಆ ಸೀರೆ! ತೆಗಿ ಅಂದ್ರೆ!" ಹೆಂಗಸರು ಕೂದಲು ಕತ್ತರಿಸಿಕೊಂಡರೆ ಇವರಿಗೆಲ್ಲ ಪ್ರಳಯ. ನನಗೆ ನಲವತ್ತೊಂಬತ್ತು, ಡೈವೋರ್ಸ್ ಆಗಿ ಇಪ್ಪತ್ತು ವರ್ಷ, ಯಾರನ್ನು ಮೆಚ್ಚಿಸಬೇಕಾಗಿದೆ ಈಗ?

ನಿಜ ಹೇಳಬೇಕು ಅಂದರೆ ಆ ಕತ್ತಲೆ ನನಗೆ ಇಷ್ಟ ಆಗ್ತಿದೆ. ಹೊರಗಿದ್ದರೆ ಸಾಕು, "ಗಂಡ ಏನು ಮಾಡ್ತಾರೆ?", "ಮಕ್ಕಳೆಷ್ಟು?", "ಕುಂಕುಮ ತಗೋಬಹುದಾ ನೀವು?" ಅಂತ ಜನ ಕೆದಕ್ತಾರೆ. ಒಳಗೆ ಯಾರ ಕಣ್ಣೂ ಇಲ್ಲ. ರೆಕಾರ್ಡಿಂಗ್ ಮುಗಿದ ಮೇಲೂ ಚಾಪೆ ಹಾಕಿಕೊಂಡು ಸುಮ್ಮನೆ ಮಲಗಿರ್ತೀನಿ. ಇವತ್ತು ನರಸಮ್ಮ ಚಿಲಕ ತೆಗೆದಾಗ ಬೇಜಾರಾಯಿತು.

ಏಪ್ರಿಲ್ 9, ಬುಧವಾರ. ದ್ವಾದಶಿ

ನಿನ್ನೆ ಏಕಾದಶಿ. ಇವತ್ತು ಬೆಳಗ್ಗೆ ಐದೂವರೆಗೆ ಅಮ್ಮ ದೇವರ ಮುಂದೆ ತಲೆ ತಿರುಗಿ ಬಿದ್ದಳು. ಆಟೋದಲ್ಲಿ ಎತ್ತಿ ಹಾಕಿಕೊಂಡು ನರ್ಸಿಂಗ್ ಹೋಮಿಗೆ ಹೋದೆವು. ಡ್ರಿಪ್ ಹಾಕೋಕೆ ಬಂದ ನರ್ಸನ್ನು ತಡೆದು, "ಪಾರಣೆ ತೀರ್ಥ ತಗೊಂಡಿಲ್ಲ, ಒಂದು ನಿಮಿಷ" ಅಂದಳಲ್ಲ ನಮ್ಮಮ್ಮ! ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಂದು ಸಲ ಹೀಗಾದ್ರೆ ಡಯಾಲಿಸಿಸ್‌ಗೂ ಟೈಮ್ ಸಿಗಲ್ಲ ಮೇಡಂ" ಅಂದರು. ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತೆ. ನನಗೆ ಇರೋದು ಇವಳೊಬ್ಬಳು.

ಸಾಯಂಕಾಲ ಕೇಳಿದೆ, "ಯಾರಿಗೋಸ್ಕರ ಅಮ್ಮ ಇದೆಲ್ಲ? ವೈಕುಂಠಕ್ಕೆ ಹೋಗ್ಬೇಕಾ ನಿಂಗೆ?"

"ನಾನ್ಯಾಕೆ ವೈಕುಂಠಕ್ಕೆ ಹೋಗ್ತೀನಿ?" ಅಂದಳು. ಡ್ರಿಪ್ ಬಾಟಲಿ ನೋಡುತ್ತಾ, "ಬಾಯಾರಿಕೆ ಅಂದ್ರೇನು ಅಂತ ಗೊತ್ತಿರ್ಬೇಕು ನಂಗೆ" ಅಂದಳು. ಮಾತ್ರೆಯ ಮಂಪರು ಇರಬೇಕು.

ಏಪ್ರಿಲ್ 15, ಮಂಗಳವಾರ

ಅಣ್ಣ, ಅತ್ತಿಗೆ ಹೇಮಶ್ರೀ ಬಂದಿದ್ದರು. ಮಗಳು ಧೃತಿಯ ಮದುವೆ ಪತ್ರಿಕೆ ದೇವರ ಮುಂದಿಟ್ಟರು. ಮೇ ಒಂಬತ್ತು, ಮೈಸೂರಿನಲ್ಲಿ. ಹಿಂದಿನ ದಿನ ಏಕಾದಶಿ, ಅವತ್ತು ಬೆಳಗ್ಗೆಯೇ ಇಲ್ಲಿಂದ ಎಲ್ಲರೂ ಹೊರಡೋದು.

"ಡಾಕ್ಟ್ರು ಅಮ್ಮನಿಗೆ ಪ್ರಯಾಣ ಬೇಡ ಅಂದಿದಾರೆ. ಯಾರಾದ್ರೂ ಜೊತೇಲಿ ಇರ್ಬೇಕಲ್ಲ ಮೈತ್ರಿ, ನೀನಿದ್ರೆ ನಂಗೆ ನೆಮ್ಮದಿ" ಅಂದ ಅಣ್ಣ, ಪತ್ರಿಕೆಯ ಅರಿಶಿನ ಒರೆಸುತ್ತಾ. ಅತ್ತಿಗೆ, "ಬೀಗರು ಸ್ವಲ್ಪ ಹಳೇ ಕಾಲದೋರು ನೋಡಿ. ಶಾಸ್ತ್ರದ ಹೊತ್ತಲ್ಲಿ ಏನಾದ್ರೂ ಅಂದು ನಿಮಗ್ಯಾಕೆ ನೋವು? ರಿಸೆಪ್ಶನ್‌ಗೆ ಬಂದ್ಬಿಡಿ, ಇಲ್ಲೇ ಮಾಡ್ತೀವಲ್ಲ" ಅಂದಳು. ಒಳ್ಳೇದೇ ಆಯಿತು. ಆ ಗಲಾಟೆ, ಆ ಬೆಳಕು ಯಾರಿಗೆ ಬೇಕು? ನನಗೂ ಕೊನೆಯ ಕಂತು ಇದೆ.

ಅಮ್ಮ ಮಾತ್ರ ಅಣ್ಣನ ಮುಖವನ್ನೇ ನೋಡುತ್ತಾ, "ಅವಳನ್ನ ಯಾಕೆ ಬಿಟ್ಟು ಹೋಗ್ತೀರಾ?" ಅಂದಳು. "ಅವಳೇ ಇರ್ತೀನಿ ಅಂತಿದಾಳಲ್ಲಮ್ಮ" ಅಂದ ಅಣ್ಣ. ಅಮ್ಮ ಮತ್ತೆ ಅದನ್ನೇ ಕೇಳಿದಳು. ಮೂರನೇ ಸಲ ಕೇಳಿದಾಗ ಅತ್ತಿಗೆ ಕಾಫಿ ಲೋಟ ತೊಳೆಯೋಕೆ ಎದ್ದಳು.

ಹೊರಡುವಾಗ ಬಂತು ನೋಡಿ ಅಸಲು ವಿಷಯ. ಅತ್ತಿಗೆಯ ಅಕ್ಕ ಅದ್ಯಾವುದೋ ದೆವ್ವದ ಕಥೆ ಕೇಳ್ತಾಳಂತೆ, ಥೇಟ್ ನಮ್ಮನೆ ಸುಬ್ಬತ್ತೆಯ ಹಾಗೇ ಇದೆಯಂತೆ. ಅಣ್ಣ ನನ್ನ ಕಡೆ ತಿರುಗಿದ. "ಪುಣ್ಯವಂತೆಯನ್ನ ದೆವ್ವ ಮಾಡ್ತಿರೋದು ಯಾರು ಅಂತ ನಂಗೆ ಗೊತ್ತಾಗಲ್ವಾ? ಮದುವೆಗೆ ಮುಂಚೆ ನಿಲ್ಲಿಸಿಬಿಡು." ಒಳಗಿನಿಂದ ಅಮ್ಮ, "ಯಾರೇ ಹೇಳ್ತಿರ್ಲಿ, ಪೂರ್ತಿ ಹೇಳ್ಲಿ. ನಂಗೆ ಕೊನೆ ಕೇಳ್ಬೇಕು" ಅಂದಳು. ಅಣ್ಣ ದಂಗಾಗಿ ಚಪ್ಪಲಿ ಹಾಕಿಕೊಂಡ.

ಏಪ್ರಿಲ್ 24, ಗುರುವಾರ. ಏಕಾದಶಿ

ನಾನೂ ಬಿಟ್ಟೆ. ನೀರು, ಊಟ ಎರಡೂ. ಅಮ್ಮ ಹೆದರಿಕೊಂಡಾದರೂ ಕುಡೀಲಿ ಅಂತ ಶುರು ಮಾಡಿದ್ದು. ಅವಳು ಕುಡಿಯಲಿಲ್ಲ, ನನ್ನನ್ನೇ ನೋಡ್ತಾ ಕೂತಿದ್ದಳು. ಸಾಯಂಕಾಲದ ಹೊತ್ತಿಗೆ ನನಗೆ ಏನೋ ಹಗುರ, ದನಿ ಕೂಡ ಬೇರೆಯಾಗಿ ಬಂತು. ಸೌಂದರ್ಯಾ ಕೇಳಿ, "ಮಿಸ್, ದಪ್ಪ ಮಾಡೋದೇ ಬೇಡ, ಹೀಗೇ ಬಿಡ್ತೀನಿ" ಅಂದಳು. ಆಮೇಲೆ "ಊಟ ಮಾಡಿದ್ರಾ ಮಿಸ್?" ಅಂದಳು.

ಮೇ 3, ಶನಿವಾರ

ಕೊನೆಯ ಕಂತು ಬರೀಲಾಗ್ತಿಲ್ಲ. ಸೌಂದರ್ಯಾಳ ಪ್ರಕಾರ ದೆವ್ವ ಬಂದು ಮನೆಯವರನ್ನೆಲ್ಲ ಸಾಯಿಸಬೇಕು. ನನಗೆ ಅವಳ ಕೈಲಿ ಯಾರನ್ನೂ ಸಾಯಿಸೋಕೆ ಮನಸ್ಸಿಲ್ಲ. ಸತ್ತಾಗ ಅವಳಿಗೆ ಮೂವತ್ತನಾಲ್ಕು, ನನಗಿಂತ ಹದಿನೈದು ವರ್ಷ ಚಿಕ್ಕವಳು. ಇಷ್ಟು ದಿನ ಮುದುಕಿಯ ದನಿಯಲ್ಲಿ ಮಾತಾಡಿಸಿದೆನಲ್ಲ ಅಂತ ನಾಚಿಕೆಯಾಯಿತು. ಹಿನ್ನೆಲೆಗೆ ಹಾಕ್ತಿದ್ದ ನರಿ ಕೂಗು, ಗೆಜ್ಜೆ ಸದ್ದು ಎಲ್ಲ ತೆಗೆಸಿಬಿಟ್ಟಿದೀನಿ. ಮೂರನೇ ನಿಮಿಷಕ್ಕೆ ದೆವ್ವ ಬರೋದೂ ನಿಂತಿದೆ. ಅವಳು ಬರೋದೆಲ್ಲಿಂದ, ಅಲ್ಲೇ ಇರ್ತಾಳೆ.

ಅಮ್ಮನನ್ನು ಕೇಳಿದೆ, "ಕೊನೆ ಏನಾಗಿರಬಹುದಮ್ಮ ಆ ಕಥೇಲಿ?"

"ಆ ಮನೇಲಿ ಒಂದು ಹುಡುಗಿ ಇತ್ತು. ಅದನ್ನ ಯಾಕೆ ಹೇಳಿಲ್ಲ ಅವಳು?"

"ಯಾವ ಹುಡುಗಿ?"

ಅಮ್ಮ ಹೂಬತ್ತಿ ಹೊಸೆಯುತ್ತಾ ಮಾತು ಬದಲಾಯಿಸಿದಳು. ಹುಡುಗಿ! ಒಳ್ಳೇ ಐಡಿಯಾ.

ಮೇ 9, ಶುಕ್ರವಾರ. ದ್ವಾದಶಿ, ಬೆಳಗ್ಗೆ

ನಿನ್ನೆಯದು ಬರೆಯಬೇಕು.

ನಿನ್ನೆ ಬೆಳಗ್ಗೆ ಏಳಕ್ಕೆ ಮದುವೆ ವ್ಯಾನು ಬಾಗಿಲಲ್ಲಿ ನಿಂತಿತು. ಧೃತಿ ಇಳಿದು ಬಂದು ಅಜ್ಜಿಯ ಕಾಲಿಗೆ ಬಿದ್ದಳು. ನನ್ನ ಕೈ ಹಿಡಿದು, "ಅತ್ತೆ, ನೀವೂ ಬನ್ನಿ. ಯಾರೇನಂದ್ರೂ ನಾನು ನೋಡ್ಕೋತೀನಿ" ಅಂದಳು. ಚಿನ್ನದಂಥ ಹುಡುಗಿ. "ಹೋಗಮ್ಮ, ಲೇಟಾಗುತ್ತೆ" ಅಂತ ಕಳಿಸಿದೆ. ಅವಳು 'ಅತ್ತೆ' ಅಂದಾಗ ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡದ್ದು ಈಗ ನೆನಪಾಗ್ತಿದೆ.

ನಾವಿಬ್ಬರೂ ಮೊನ್ನೆ ರಾತ್ರಿಯಿಂದ ನೀರು ಮುಟ್ಟಿರಲಿಲ್ಲ. ಅಮ್ಮ ನಡುಮನೆಯಲ್ಲಿ ಮಲಗಿದ್ದಳು. ಎರಡು ಗಂಟೆಗೆ ನಾನು ಕೋಣೆಗೆ ಹೋದೆ, ನರಸಮ್ಮ ಚಿಲಕ ಹಾಕಿದಳು. ಏಕಾದಶಿ, ಪಾತ್ರೆ ಇಲ್ಲ, ಒಲೆ ಇಲ್ಲ. ಅಭ್ಯಾಸಬಲದಿಂದ ಚಿಲಕ ಹಾಕಿ, ಕೆಲಸ ಮುಗಿಯಿತು ಅಂತ ಅವಳು ಮನೆಗೇ ಹೊರಟುಹೋಗಿದ್ದಾಳೆ. ಮೂರಾದರೂ ಬರಲಿಲ್ಲ. ಫೋನು ಎಂದಿನ ಹಾಗೆ ಹೊರಗೆ.

ಮೊದಮೊದಲು ಹಾಯಾಗಿಯೇ ಇತ್ತು. ಆಮೇಲೆ ಸೆಕೆ ಏರಿತು. ಗಾಳಿಯಿಲ್ಲ, ಗೋಡೆ ತುಂಬ ರಜಾಯಿ, ಮೇ ತಿಂಗಳು. ನಾಲಗೆ ಅಂಗುಳಕ್ಕೆ ಅಂಟಿತು, ಕಣ್ಣಲ್ಲಿ ಹಳದಿ ಹಳದಿ. "ನರಸಮ್ಮಾ!" ಅಂದೆ. "ಅಮ್ಮಾ!" ಅಂದೆ. ದನಿ ರಜಾಯಿಯಲ್ಲೇ ಹುದುಗಿಹೋಯಿತು. ಬಾಗಿಲು ಬಡಿದೆ. ಎದ್ದು ನಿಲ್ಲೋಕಾಗದೆ ಕೂತೇ ಬಡಿದೆ. ಕೊನೆಗೆ ಕೈ ಎತ್ತೋಕೂ ಆಗದೆ ಉಗುರಿನಲ್ಲಿ ಕೆರೆದೆ. ಸಾಯ್ತೀನಿ ಅನ್ನಿಸಿತು. ಪ್ರಾಣಭಯ ಅಂದರೆ ಏನು ಅಂತ ಎರಡು ತಿಂಗಳು ಜನಕ್ಕೆ ಹೇಳಿದೆನಲ್ಲ, ಒಂದಕ್ಷರವೂ ಗೊತ್ತಿರಲಿಲ್ಲ ನನಗೆ.

ಕಾಲು ಎಳೆದುಕೊಂಡು ಬರುವ ಸದ್ದು ಕೇಳಿಸಿತು. ಬಾಗಿಲ ಆಚೆ ನಿಂತಿತು.

"ಅಮ್ಮಾ, ಚಿಲಕ ತೆಗಿ. ನೀರು ಬೇಕು."

ತೆಗೆಯಲಿಲ್ಲ. ಉಸಿರಾಡೋದು ಕೇಳಿಸ್ತಿದೆ. ಆಮೇಲೆ ಒಂದು ಸಣ್ಣ ದನಿ. ನಮ್ಮಮ್ಮನ ದನಿ ಹಾಗೆ ಯಾವತ್ತೂ ಕೇಳಿದವಳಲ್ಲ ನಾನು.

"ಇವತ್ತು ಏಕಾದಶಿ ಅತ್ತೆ. ನೀರು ಕುಡಿದ್ರೆ ನರಕಕ್ಕೆ ಹೋಗ್ತೀಯ. ಬೆಳಗ್ಗೆ ಕೊಡ್ತೀನಿ."

ಕತ್ತಲಲ್ಲಿ ಕೂತಿದ್ದವಳಿಗೆ ಒಂದೇ ಸಲಕ್ಕೆ ಎಲ್ಲಾ ಗೊತ್ತಾಗಿಹೋಯಿತು, ಆ ಹುಡುಗಿ ಯಾರು, ಚಿಲಕ ಯಾಕೆ ಅವಳ ಕೈಲಿ ಆಗಲ್ಲ, ಒಂಬತ್ತನೇ ವರ್ಷ ಅಂದರೆ ಏನು. ಅಯ್ಯೋ ನನ್ನಮ್ಮ! ನಾನು ಮೈತ್ರೇಯಿ ಕಣಮ್ಮ ಅಂತ ಕೂಗಬೇಕು ಅಂದುಕೊಂಡೆ. ಕೂಗಲಿಲ್ಲ. ಹಾಗೆ ಅಂದಿದ್ದರೆ ಅವಳು ಬಾಗಿಲು ತೆಗೀತಿದ್ದಳು ನಿಜ, ಆದರೆ ಆ ಹುಡುಗಿ ಅಲ್ಲೇ ಉಳಿದುಬಿಡ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ನರಕಕ್ಕೆ ಹೋದ್ರೂ ಪರವಾಗಿಲ್ಲ ಕಣೇ ಜಾನಕಿ. ನಂಗೆ ಬಾಯಾರಿಕೆ. ನೀರು ಕೊಡು."

ಕಾಲು ಎಳೆಯುವ ಸದ್ದು ದೂರ ಹೋಯಿತು, ಮತ್ತೆ ಬಂತು. ಚಿಲಕ ಸರಿಯಿತು.

ಬೆಳಕಿನಲ್ಲಿ ಅಮ್ಮ ತಂಬಿಗೆ ಹಿಡಿದು ನಿಂತಿದ್ದಳು, ಸೀರೆಯ ಮುಂಭಾಗವೆಲ್ಲ ಒದ್ದೆ. ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕುಸಿದು ಕೂತಳು. ಕೂದಲು ಕತ್ತರಿಸಿದ ನನ್ನ ತಲೆ ಸವರಿದಳು. ಅವಳಿಗೆ ನಾನು ಯಾರು ಅಂತ ಗೊತ್ತಿತ್ತು, ಆ ಹೊತ್ತಿಗೆ ಗೊತ್ತಿತ್ತು.

"ಎಲ್ರೂ ಮದುವೆಗೆ ಹೋಗಿದ್ರು ಕಣೇ, ತುಮಕೂರಿಗೆ. ನಂಗೆ ಮೈಮೇಲೆ ಅಮ್ಮ ಎದ್ದಿತ್ತು, ಸಿಡುಬು, ಅಂತ ಬಿಟ್ಟು ಹೋದ್ರು. ಅವಳು ವಿಧವೆ, ಮದುವೆಗೆ ಕರ್ಕೊಂಡು ಹೋಗೋ ಹಾಗಿಲ್ಲ. ನನ್ನ ನೋಡ್ಕೊಂಡು ಅವಳಿಗೂ ಜ್ವರ ಬಂತು. ಏಕಾದಶಿ ಸಾಯಂಕಾಲ ನೀರು ಕೊಡೇ, ಒಂದು ಗುಟುಕು ಕೊಡೇ ಅಂದ್ಳು. ಅಡುಗೆಮನೆಗೆ ತಾನೇ ತೆವಳಿಕೊಂಡು ಹೋಗೋಕೆ ನೋಡಿದ್ಳು. ನಂಗೆ ಭಯ ಆಯ್ತು, ವ್ರತ ಕೆಟ್ಟು ನರಕಕ್ಕೆ ಹೋಗ್ತಾಳಲ್ಲ ಅಂತ. ಮನೇಲಿ ನನ್ನ ಮುದ್ದು ಮಾಡ್ತಿದ್ದೋಳು ಅವಳೊಬ್ಬಳೇ. ಒಳಗೆ ನೂಕಿ ಚಿಲಕ ಹಾಕ್ಬಿಟ್ಟೆ."

"ನಿಂಗೆ ಒಂಬತ್ತು ವರ್ಷ ಅಮ್ಮ. ಮಗು ನೀನು."

"ಚಿಲಕ ಎಟುಕ್ತಿರ್ಲಿಲ್ಲ ಕಣೇ" ಅಂದಳು ಅಮ್ಮ. "ರಾಗಿ ಡಬ್ಬ ಎಳ್ಕೊಂಡು ಬಂದು, ಹತ್ತಿ ಹಾಕ್ದೆ."

ಅವಳ ಕೈ ನನ್ನ ಮಡಿಲಿಗೆ ಎಳೆದುಕೊಂಡೆ.

"ಬೆಳಗ್ಗೆ ತೀರ್ಥ ತಗೊಂಡು ಹೋಗಿ ತೆಗೆದೆ. ಎಲ್ರೂ ಬಂದು ಪುಣ್ಯವಂತೆ ಪುಣ್ಯವಂತೆ ಅಂತ ಕಾಲಿಗೆ ಬಿದ್ರು. ನನ್ನ ಯಾರೂ ಏನೂ ಕೇಳ್ಲೇ ಇಲ್ಲ. ಒಬ್ಬರಾದ್ರೂ ಕೇಳ್ತಾರೆ ಅಂತ ನೋಡ್ತಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನೇ ಹೇಳ್ತಿದ್ದೆಯಲ್ಲ ಕಥೆ, ಗೊತ್ತಿರುತ್ತೆ ಅಂದ್ಕೊಂಡೆ. ಹೆತ್ತೋಳಿಗೆ ದನಿ ಗೊತ್ತಾಗಲ್ವಾ?"

ಅವಳು ತಂಬಿಗೆಯನ್ನು ನನ್ನ ಬಾಯಿಗೆ ಹಿಡಿದಳು. ಈ ಮನೆಯಲ್ಲಿ ಎಲ್ಲರೂ ಎತ್ತಿಯೇ ಕುಡಿಯೋದು, ತುಟಿ ತಾಗಿದರೆ ಎಂಜಲು. ನಾನು ಕಚ್ಚಿಯೇ ಕುಡಿದೆ, ಅರ್ಧ ತಂಬಿಗೆ ಒಂದೇ ಉಸಿರಿಗೆ. ಕುಡಿದು, "ಈಗ ನೀನು ಕುಡಿ" ಅಂದೆ. ಅಮ್ಮ ಅಲ್ಲಾಡಲಿಲ್ಲ. "ನೀನು ಕುಡೀದಿದ್ರೆ ನಾನು ಈ ಕೋಣೆಯಿಂದ ಏಳಲ್ಲ" ಅಂದೆ. ನಿಜವಾಗಿ ಏಳ್ತಿರಲಿಲ್ಲ. ಇದು ಅವಳಿಗೂ ಗೊತ್ತಿತ್ತು.

"ಎಂಜಲಾಗಿದೆ. ಇರು, ಬೇರೆ ತರ್ತೀನಿ" ಅಂತ ಗೋಡೆ ಹಿಡಿದು ಏಳೋಕೆ ಹೋದೆ.

"ಬೇಡ" ಅಂದಳು. ನನ್ನ ಕೈಯಿಂದ ತಂಬಿಗೆ ತಗೊಂಡಳು. ಏಕಾದಶಿ ದಿನ, ಸಾಯಂಕಾಲ ನಾಲ್ಕೂಮುಕ್ಕಾಲಿಗೆ, ಅರವತ್ತೆಂಟು ವರ್ಷಕ್ಕೆ ಮೊದಲನೇ ಸಲ, ನನ್ನ ತುಟಿ ತಾಗಿದ ಜಾಗಕ್ಕೇ ತುಟಿ ಇಟ್ಟು ನಮ್ಮಮ್ಮ ನೀರು ಕುಡಿದಳು. ಕಣ್ಣು ಮುಚ್ಚಿಕೊಂಡು, ತಳ ಕಾಣೋ ತನಕ ಕುಡಿದಳು. ತಂಬಿಗೆ ಕೆಳಗಿಟ್ಟು ಬಾಯಿ ಒರೆಸಿಕೊಳ್ಳಲಿಲ್ಲ.

"ಇನ್ನೂ ಸ್ವಲ್ಪ ಕೊಡೇ" ಅಂದಳು.